ದೊಡ್ಡ ಮೈಯವರಿಗೆ ಯೋಗಶಾಲೆಯಲ್ಲಿ ಜಾಗವಿದೆಯೇ?

ಜೂನ್ ತಿಂಗಳು ಸಮೀಪಿಸಿತೆಂದರೆ ಮಹಾರಾಷ್ಟ್ರದ ಊರೂರುಗಳಲ್ಲಿ ಯೋಗ ಶಿಬಿರಗಳ ಫಲಕಗಳು ತಲೆಯೆತ್ತುತ್ತವೆ. ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರ್ 11ರಂದು 177 ರಾಷ್ಟ್ರಗಳ ಸಹಪ್ರಾಯೋಜಕತ್ವದ ನಿರ್ಣಯವನ್ನು ಅಂಗೀಕರಿಸಿದ ಮೇಲೆ, 2015ರಿಂದ ಜೂನ್ 21 ಅಂತಾರಾಷ್ಟ್ರೀಯ ಯೋಗ ದಿನವಾಗಿ ಆಚರಿಸಲ್ಪಡುತ್ತಿರುವುದು ಓದುಗರಿಗೆ ತಿಳಿದ ವಿಷಯವೇ. ಬ್ಯಾಂಕಿನ ಉದ್ಯೋಗದ ನಿಮಿತ್ತ ಹಲವು ವರ್ಷ ನಾಸಿಕದಲ್ಲಿದ್ದು, ಈಗ ಛತ್ರಪತಿ ಸಂಭಾಜಿನಗರಕ್ಕೆ (2023ರವರೆಗೆ ಇದು ಔರಂಗಾಬಾದ್) ವರ್ಗವಾಗಿ ಬಂದಿರುವ ನಾವು, ಈ ಎರಡೂ ಊರುಗಳ ಶಿಬಿರಗಳಲ್ಲಿ ಒಂದು ಸಂಗತಿಯನ್ನು ತಪ್ಪದೆ ಗಮನಿಸಿದ್ದೇವೆ. ಮೊದಲ ದಿನ ಬರುವವರಲ್ಲಿ ಅರ್ಧದಷ್ಟು ಮಂದಿ ದೊಡ್ಡ ಮೈಯವರು. ವೈದ್ಯರ ಮಾತಿನಿಂದಲೋ ಮಕ್ಕಳ ಒತ್ತಾಯದಿಂದಲೋ ಬಂದವರು. ಎರಡನೆಯ ವಾರದ ಹೊತ್ತಿಗೆ ಅವರಲ್ಲಿ ಒಬ್ಬಿಬ್ಬರು ಉಳಿದರೆ ಹೆಚ್ಚು. ಯಾರಿಗೆ ಯೋಗದ ಅಗತ್ಯ ಅಷ್ಟಾಗಿ ಇಲ್ಲವೋ, ಆ ತೆಳ್ಳನೆಯ, ಮೊದಲೇ ಅಭ್ಯಾಸವಿದ್ದ ಜನರೇ ಕೊನೆಯವರೆಗೆ ನಿಲ್ಲುತ್ತಾರೆ. ಬಿಟ್ಟುಹೋದವರನ್ನು ಕುರಿತು ನಿಷ್ಠೆಯಿಲ್ಲ, ಸೋಮಾರಿತನ ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ.

ನಮಗೂ ಹಾಗೆಯೇ ತೋರುತ್ತಿತ್ತು. ಆದರೆ ಕಳೆದ ವರ್ಷ ನಮ್ಮ ಬಡಾವಣೆಯ ಬೆಳಗಿನ ತರಗತಿಗೆ ಬರುತ್ತಿದ್ದ, ಧಾರವಾಡ ಕಡೆಯ ಹಿರಿಯ ಗೃಹಿಣಿಯೊಬ್ಬರು ನಾಲ್ಕನೆಯ ದಿನ ಕಾಣದಾದರು. ನಾವು ಅವರನ್ನು 'ವೈನಿ' ಎಂದೇ ಕರೆಯುವ ರೂಢಿ. ಸಂಜೆ ತರಕಾರಿ ಅಂಗಡಿಯಲ್ಲಿ ಭೇಟಿಯಾದಾಗ ವಿಚಾರಿಸಿದೆವು. "ಬರಲಿಕ್ಕೇನರಿ ರಾಯರ, ಬರಬಹುದು. ಆದರ ಎಲ್ಲಾರೂ ಎದ್ದು ನಿಂತಾಗ ನಾ ಇನ್ನೂ ನೆಲದ ಮ್ಯಾಲೇ ಇರ್ತೀನಿ. ನನ್ನ ಸಲುವಾಗಿ ಮಂದಿ ಕಾಯ್ತಾರ. ಅದು ನನಗ ಸೇರೂದಿಲ್ಲ" ಎಂದರು. ಆಸನ ಕಷ್ಟ ಎಂದು ಅವರು ಹೇಳಲಿಲ್ಲ, ಬೆನ್ನು ನೋವೆಂದೂ ಹೇಳಲಿಲ್ಲ. ಅವರನ್ನು ಹಿಂದಕ್ಕೆ ಕಳುಹಿಸಿದ್ದು ಒಂದು ಆಸನಕ್ಕೂ ಇನ್ನೊಂದಕ್ಕೂ ನಡುವಿನ ಆ ಅರ್ಧ ನಿಮಿಷ.

ಈ ಸಾಲುಗಳನ್ನು ಬರೆಯುತ್ತಿರುವ ನಮ್ಮ ತೂಕವೂ ನೂರು ಕಿಲೋಗೆ ಮೂರೇ ಕಡಿಮೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ. ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ಸಂಪಾದಿಸಿದ ಆಸ್ತಿ. ಹಿಂದೊಮ್ಮೆ ಒಂದು ಶಿಬಿರದಲ್ಲಿ ತರುಣ ಶಿಕ್ಷಕರೊಬ್ಬರು ನಮ್ಮನ್ನು ವಜ್ರಾಸನದಲ್ಲಿ ಕುಳ್ಳಿರಿಸಿ, ಹಿಂದಿನಿಂದ ಎರಡೂ ಭುಜಗಳ ಮೇಲೆ ಭಾರ ಹಾಕಿ ಒತ್ತಿದ್ದರು. ಒಳ್ಳೆಯ ಉದ್ದೇಶದಿಂದಲೇ ಒತ್ತಿದ್ದು. ಆ ದಿನದಿಂದ ನಮ್ಮ ಬಲ ಮೊಣಕಾಲು ಮೆಟ್ಟಿಲಿಳಿಯುವಾಗಲೆಲ್ಲ ಅವರನ್ನು ನೆನೆಯುತ್ತದೆ. ಆದುದರಿಂದ ಈ ವಿಷಯದಲ್ಲಿ ನಾವು ತಟಸ್ಥರೆಂದು ಓದುಗರು ಭಾವಿಸಬೇಕಾಗಿಲ್ಲ.

ಇದು ಕೆಲವರ ಪಾಡು ಮಾತ್ರವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 24 ಮಂದಿಯ ತೂಕ ಅವರ ಎತ್ತರಕ್ಕೆ ಮೀರಿದ್ದು. ಪುರುಷರಲ್ಲಿ ನೂರಕ್ಕೆ ಸುಮಾರು 23 ಮಂದಿಯದು. ಕರ್ನಾಟಕದಲ್ಲಿ ಇಬ್ಬರಲ್ಲಿಯೂ ಈ ಪ್ರಮಾಣ ನೂರಕ್ಕೆ 30ರ ಆಸುಪಾಸು. ಮಹಾರಾಷ್ಟ್ರದ ಅಂಕಿ ಅದಕ್ಕಿಂತ ಕಡಿಮೆ. ಹೊರನಾಡಿನಲ್ಲಿ ನೆಲೆನಿಂತ ನಮ್ಮ ಕುಟುಂಬಗಳು ತವರಿನ ಊಟವನ್ನೂ ಇಲ್ಲಿಯ ಊಟವನ್ನೂ ಎರಡನ್ನೂ ಬಿಡದೆ ನಡೆಸಿಕೊಂಡು ಬಂದಿರುವುದರಿಂದ, ನಾವು ಯಾವ ರಾಜ್ಯದ ಸಾಲಿಗೆ ಸೇರುತ್ತೇವೆಂಬುದನ್ನು ಓದುಗರೇ ಊಹಿಸಬಹುದು.

2025ರ ಫೆಬ್ರವರಿ 23ರ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಬೊಜ್ಜಿನ ವಿರುದ್ಧ ಅಭಿಯಾನಕ್ಕೆ ಕರೆಯಿತ್ತು, ಅಡುಗೆಯ ಎಣ್ಣೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಬೇಕೆಂದರು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಹೀಗೆ ತೂಕವು ರಾಷ್ಟ್ರೀಯ ಚರ್ಚೆಯಾದ ಕಾಲದಲ್ಲಿ ಯೋಗವನ್ನೂ ಆ ಸಾಲಿನಲ್ಲಿಯೇ ನಿಲ್ಲಿಸಲಾಗಿದೆ. ಫಲಕಗಳನ್ನು ನೋಡಿ: 'ಮೂವತ್ತು ದಿನಗಳಲ್ಲಿ ಹೊಟ್ಟೆ ಕರಗಿಸಿ'. ದೊಡ್ಡ ಮೈಯವರು ಶಿಬಿರಕ್ಕೆ ಬರುವುದು ಈ ಭರವಸೆಯನ್ನು ನಂಬಿ, ಬಿಡುವುದಕ್ಕೂ ಅದೇ ಒಂದು ಕಾರಣ.

ಬ್ಯಾಂಕಿನವರಾದ ನಮಗೆ ಜಮಾ-ಖರ್ಚಿನ ಲೆಕ್ಕ ಹಾಕದೆ ಸಮಾಧಾನವಾಗುವುದಿಲ್ಲ. ದೈಹಿಕ ಚಟುವಟಿಕೆಗಳ ಶ್ರಮವನ್ನು ಅಳೆಯಲು ಸಂಶೋಧಕರು ಬಳಸುವ ಪಟ್ಟಿಯಲ್ಲಿ ಸಾಮಾನ್ಯ ಹಠಯೋಗದ ತರಗತಿಗೆ ಕೊಟ್ಟಿರುವ ಬೆಲೆ, ಸುಮ್ಮನೆ ಕುಳಿತಾಗ ವ್ಯಯವಾಗುವ ಶಕ್ತಿಯ ಎರಡೂವರೆ ಪಟ್ಟು. ಬಿರುಸಿನ ನಡಿಗೆಗೆ ಅದಕ್ಕಿಂತ ಹೆಚ್ಚು ಬೆಲೆ. ಎಂದರೆ 80 ಕಿಲೋ ತೂಕದವರು ಒಂದು ಗಂಟೆ ಆಸನ ಮಾಡಿದರೆ ವ್ಯಯವಾಗುವುದು ಸುಮಾರು 200 ಕ್ಯಾಲೊರಿ. ಅದರಲ್ಲಿ 80 ಸುಮ್ಮನೆ ಕುಳಿತಿದ್ದರೂ ಹೋಗುತ್ತಿದ್ದುದು. ತರಗತಿ ಮುಗಿಸಿ ನಾಸಿಕದಲ್ಲಿ ಒಂದು ತಟ್ಟೆ ಮಿಸಳ್-ಪಾವ್ ತಿಂದರೆ ಖಾತೆ ಓವರ್‌ಡ್ರಾಫ್ಟ್‌ಗೆ ಹೋದಂತೆಯೇ. ಇದನ್ನು ತಿಳಿಸದೆ ಜನರನ್ನು ಕರೆದು, ತಿಂಗಳ ಕೊನೆಗೆ ತಕ್ಕಡಿಯ ಮುಳ್ಳು ಅಲುಗದಿದ್ದಾಗ ಅವರನ್ನೇ ದೂಷಿಸುವುದು ನ್ಯಾಯವಲ್ಲ.

ಹಾಗಾದರೆ ದೊಡ್ಡ ಮೈಯವರಿಗೆ ಯೋಗದಿಂದ ಏನು ಲಾಭ? ನಮ್ಮ ಅನುಭವದಲ್ಲಿ ಹೇಳುವುದಾದರೆ ನೆಲದ ಮೇಲೆ ಕುಳಿತು ಪರರ ಸಹಾಯವಿಲ್ಲದೆ ಏಳುವುದು, ಒಂಟಿ ಕಾಲಿನಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತಿ ಬಂದಾಗ ಉಸಿರು ಬೇಗ ಹದಕ್ಕೆ ಬರುವುದು. ಐವತ್ತು ದಾಟಿದವರಿಗೆ ಇವು ಸಣ್ಣ ಲಾಭಗಳಲ್ಲ. ತೂಕ ಇಳಿಯುವುದೋ ಬಿಡುವುದೋ, ಅದು ಊಟ, ನಿದ್ರೆ, ಔಷಧ, ವಂಶ ಎಲ್ಲವೂ ಸೇರಿದ ಬೇರೆ ಲೆಕ್ಕ.

ಶಾಸ್ತ್ರಗಳು ಏನೆನ್ನುತ್ತವೆ ಎಂದು ಕೇಳುವ ಹಿರಿಯರು ನಮ್ಮಲ್ಲಿ ಬಹಳ. ಪತಂಜಲಿಯು ಆಸನಕ್ಕೆ ಕೇಳುವುದು ಎರಡೇ ಗುಣ, ಸ್ಥಿರವಾಗಿರಬೇಕು, ಸುಖವಾಗಿರಬೇಕು. ಕೈ ಪಾದಕ್ಕೆ ತಾಗಬೇಕೆಂಬ ಷರತ್ತು ಅಲ್ಲಿಲ್ಲ. ಆದರೆ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ಹಠಯೋಗ ಸಿದ್ಧಿಸಿದುದರ ಲಕ್ಷಣಗಳಲ್ಲಿ ಶರೀರದ ಕೃಶತೆಯನ್ನೂ ಎಣಿಸುತ್ತದೆ ಎಂಬುದನ್ನು ನಾವು ಮುಚ್ಚಿಡಬಾರದು. ತೆಳ್ಳಗಾಗುವುದೇ ಯೋಗ ಎನ್ನುವವರಿಗೆ ಅಲ್ಲಿ ಆಧಾರವಿದೆ. ಅದೇ ಗ್ರಂಥ, ಮೇದಸ್ಸು ಮತ್ತು ಕಫ ಅಧಿಕವಾಗಿರುವವರು ಮೊದಲು ಷಟ್ಕರ್ಮಗಳನ್ನು ಮಾಡಬೇಕು, ಉಳಿದವರಿಗೆ ಅವು ಬೇಕಿಲ್ಲ ಎಂದೂ ವಿಧಿಸುತ್ತದೆ. ಅರ್ಥಾತ್, ಎಲ್ಲ ದೇಹಗಳಿಗೂ ಒಂದೇ ಕ್ರಮ ಸಲ್ಲದೆಂಬ ತಿಳಿವಳಿಕೆ ಸ್ವಾತ್ಮಾರಾಮನಿಗೂ ಇತ್ತು. ಒಂದೇ ಕ್ರಮವನ್ನು ಎಲ್ಲರಿಗೂ ಎಣಿಕೆಯ ಮೇಲೆ ಹೇಳಿಕೊಡುವ ಪದ್ಧತಿ ನಮ್ಮ ಕಾಲಕ್ಕೆ ಹತ್ತಿರದ್ದು.

ಅದು ಬಂದ ಬಗೆ ಸ್ವಾರಸ್ಯಕರ. ಸಾತಾರಾ ಜಿಲ್ಲೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಸೂರ್ಯನಮಸ್ಕಾರವನ್ನು ಶಾಲೆಯ ಮಕ್ಕಳ ವ್ಯಾಯಾಮವಾಗಿ ಪ್ರಚಾರ ಮಾಡಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷ ಕನ್ನಡದಲ್ಲಿ 'ಯೋಗಮಕರಂದ' ಪ್ರಕಟಿಸಿದರು. ಅವರ ಶಿಷ್ಯರಲ್ಲಿ ಹೆಚ್ಚಿನವರು ಅರಸು ಮನೆತನದ ಹುಡುಗರು. ಇಂದು ಜಗತ್ತೆಲ್ಲ 'ಮೈಸೂರು ಶೈಲಿ' ಎಂದು ಹೊಗಳುವ ಚುರುಕಿನ ಆಸನಮಾಲೆಯ ಮೂಲ ಅಲ್ಲಿದೆ. ಹನ್ನೆರಡು-ಹದಿನಾಲ್ಕು ವಯಸ್ಸಿನ ಹುಡುಗರ ಮೈಗೆಂದು ಹೊಲಿದ ಅಂಗಿಯದು. ಅದನ್ನು ಐವತ್ತೈದರ ಗೃಹಸ್ಥರಿಗೆ ತೊಡಿಸಿ, ಗುಂಡಿ ಹಾಕಲಾಗದಿದ್ದರೆ ದೇಹವನ್ನು ಬೈದರೆ ಹೇಗೆ? ಕೃಷ್ಣಮಾಚಾರ್ಯರೇ ಮುಂದೆ ಮದರಾಸಿಗೆ ಹೋದ ಮೇಲೆ ಒಬ್ಬೊಬ್ಬರಿಗೂ ಅವರವರ ಶಕ್ತಿ, ವಯಸ್ಸು ನೋಡಿ ಬೇರೆ ಬೇರೆ ಕ್ರಮ ಹೇಳಿಕೊಡುತ್ತಿದ್ದರು. ಅವರ ಈ ಉತ್ತರಾರ್ಧವನ್ನು ನಮ್ಮ ಶಿಬಿರಗಳು ನೆನೆಯುವುದು ಕಡಿಮೆ.

ಈ ವಿಷಯದಲ್ಲಿ ಮಹಾರಾಷ್ಟ್ರದ ಕನ್ನಡಿಗರಿಗೆ ಹೆಮ್ಮೆಯ ಹೆಸರೊಂದಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. ಭಾವನವರಾದ ಕೃಷ್ಣಮಾಚಾರ್ಯರ ಬಳಿ ಕಲಿಯಲು ಆರಂಭಿಸಿದಾಗ ಮುಂದಕ್ಕೆ ಬಾಗಿದರೆ ಅವರ ಕೈ ಪಾದವನ್ನು ಮುಟ್ಟುತ್ತಿರಲಿಲ್ಲ. 1937ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲೆಸಿ, 1975ರಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯನ್ನು ಆರಂಭಿಸಿ, 2014ರ ಆಗಸ್ಟ್ 20ರಂದು ತೀರಿಕೊಳ್ಳುವವರೆಗೂ ಅಭ್ಯಾಸ ಬಿಡಲಿಲ್ಲ. ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಲೋಡು, ಕಂಬಳಿ, ಬೆನ್ನೊರಗು ತೆಗೆದ ಕಬ್ಬಿಣದ ಕುರ್ಚಿ ಇವೆಲ್ಲವನ್ನೂ ಆಸನಕ್ಕೆ ಸಾಧನಗಳಾಗಿ ರೂಢಿಗೆ ತಂದವರು ಅವರು. ಬೆಲ್ಜಿಯಂನ ಮಹಾರಾಣಿ ಎಲಿಜಬೆತ್ ಅವರಿಗೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಶೀರ್ಷಾಸನ ಕಲಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪುಣೆಯಲ್ಲಿ ರೋಗಿಗಳಿಗೆಂದೇ ನಡೆಯುತ್ತಿದ್ದ ಅವರ ತರಗತಿಗಳನ್ನು, ಅಲ್ಲಿ ಕುರ್ಚಿ-ಲೋಡುಗಳು ಮಾಡಿದ ಕೆಲಸವನ್ನು ಹೇಳುವವರು ವಿರಳ. ಸಾಧನ ಬಳಸುವುದು ಯೋಗದಲ್ಲಿ ರಿಯಾಯಿತಿ ಪಡೆದಂತೆ ಎಂಬ ಭಾವನೆ ನಾಸಿಕದಲ್ಲಿಯೂ ಇದೆ, ಇಲ್ಲಿಯೂ ಇದೆ. ಪುಣೆ ಈ ಎರಡೂ ಊರುಗಳಿಂದ ಇನ್ನೂರು-ಇನ್ನೂರೈವತ್ತು ಕಿಲೋಮೀಟರಿನ ದಾರಿಯಷ್ಟೇ.

ಈಗ ಕ್ರಮದ ವಿಚಾರ. ಆಯುಷ್ ಸಚಿವಾಲಯದ 45 ನಿಮಿಷಗಳ 'ಸಾಮಾನ್ಯ ಯೋಗ ಶಿಷ್ಟಾಚಾರ'ವೇ ಇಂದು ಎಲ್ಲೆಡೆ ಮಾದರಿ. ಅದರ ಅನುಕ್ರಮವನ್ನು ನಾವು ಎಚ್ಚರಿಕೆಯಿಂದ ಓದಿದೆವು. ನಿಂತು ಮಾಡುವವು ಮೊದಲು, ಆಮೇಲೆ ಕುಳಿತು, ಬಳಿಕ ಬೋರಲು ಮಲಗಿ, ಕೊನೆಗೆ ಅಂಗಾತ. ನಿಂತವರು ಒಮ್ಮೆ ಮಾತ್ರ ನೆಲಕ್ಕಿಳಿಯುತ್ತಾರೆ. ದೊಡ್ಡ ಮೈಯವರ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ಹೋಲಿಸಿ ನೋಡಿ, ಹನ್ನೆರಡು ಸೂರ್ಯನಮಸ್ಕಾರವೆಂದರೆ ಹನ್ನೆರಡು ಸಲ ನೆಲಕ್ಕಿಳಿದು ಹನ್ನೆರಡು ಸಲ ಎದ್ದಂತೆ. ಶಿಬಿರಗಳಲ್ಲಿ ಅದನ್ನೇ ಮೊದಲಿಗಿಡುತ್ತಾರೆ. ವೈನಿಯವರ ಉತ್ಸಾಹ ಬತ್ತಿದ್ದು ಅಲ್ಲಿಯೇ.

ಆದರೆ ಶಿಷ್ಟಾಚಾರದಲ್ಲಿಯೂ ಒಂದು ತೊಡಕಿದೆ. ಕುಳಿತು ಮಾಡುವ ಆಸನಗಳಲ್ಲಿ ವಜ್ರಾಸನ, ಉಷ್ಟ್ರಾಸನ, ಶಶಾಂಕಾಸನ, ಉತ್ತಾನ ಮಂಡೂಕಾಸನ ನಾಲ್ಕೂ ಮೊಣಕಾಲು ಮಡಿಸಿದ ಒಂದೇ ತಳಹದಿಯ ಮೇಲೆ ನಿಂತಿವೆ. ಮೊಣಕಾಲು ಒಪ್ಪದವರಿಗೆ ನಾಲ್ಕೂ ಒಟ್ಟಿಗೆ ಕೈತಪ್ಪುತ್ತವೆ. ಉಳಿಯುವುದು ಭದ್ರಾಸನ ಮತ್ತು ವಕ್ರಾಸನ. ಶಿಷ್ಟಾಚಾರದ ಪುಸ್ತಕವು ಯಾರು ಯಾವುದನ್ನು ಮಾಡಬಾರದೆಂದು ಎಚ್ಚರಿಸುತ್ತದೆ. ತ್ರಿಕೋನಾಸನದಂತಹ ಕಡೆ, ಪಾದ ಸಿಗದಿದ್ದರೆ ಮೊಣಕಾಲು ಮುಟ್ಟಿ ಎಂದು ಬದಲಿಯನ್ನೂ ಸೂಚಿಸುತ್ತದೆ. ಆದರೆ ಮಾಡಲಾಗದವರು ಆ ಎಂಟು-ಹತ್ತು ನಿಮಿಷ ಏನು ಮಾಡಬೇಕು? ಸುಮ್ಮನೆ ಕುಳಿತು ಇತರರನ್ನು ನೋಡಬೇಕು. ಎರಡು ದಿನ ನೋಡುತ್ತಾರೆ, ಮೂರನೆಯ ದಿನ ಮನೆಯಲ್ಲಿ ಚಹಾ ಕುಡಿಯುತ್ತಾರೆ.

ಉಪಾಯಗಳು ಇಲ್ಲದಿಲ್ಲ. ಪುಣೆಯ ಪದ್ಧತಿಯಲ್ಲಿ ಪಳಗಿದ ಶಿಕ್ಷಕಿಯೊಬ್ಬರು ನಮಗೆ ಇವುಗಳನ್ನು ಹೇಳಿಕೊಟ್ಟರು, ನಾವೂ ನಮ್ಮ ಮೈಮೇಲೆ ಪರೀಕ್ಷಿಸಿದ್ದೇವೆ. ತಾಡಾಸನದಲ್ಲಿ ಪಾದಗಳನ್ನು ಜೋಡಿಸುವ ಬದಲು ಸೊಂಟದ ಅಗಲಕ್ಕೆ ಇಟ್ಟರೆ ತೊಡೆಗಳು ಒತ್ತುವುದಿಲ್ಲ, ಸಮತೋಲ ನಿಲ್ಲುತ್ತದೆ. ಪಾದಹಸ್ತಾಸನದಲ್ಲಿ ಕಾಲುಗಳನ್ನು ಇನ್ನಷ್ಟು ಅಗಲಿಸಿ, ಹೊಟ್ಟೆಗೆ ಇಳಿಯಲು ಜಾಗ ಮಾಡಿಕೊಟ್ಟು, ಕೈಗಳನ್ನು ಗೋಡೆಗೆ ಒತ್ತರಿಸಿದ ಕುರ್ಚಿಯ ಆಸನದ ಮೇಲೆ ಇಡಬೇಕು. ಬಾಗುವುದು ಸೊಂಟದ ಕೀಲಿನಿಂದ, ಬೆನ್ನನ್ನು ಗೂನಾಗಿಸಿ ಅಲ್ಲ. ಸೂರ್ಯನಮಸ್ಕಾರವನ್ನು ಇಡಿಯಾಗಿ ಕುರ್ಚಿಯ ಮೇಲೆ ಕೈಯಿಟ್ಟು ಮಾಡಬಹುದು. ಆಗ ಮಣಿಕಟ್ಟಿನ ಮೇಲೆ ಬೀಳುವ ಭಾರ ಅರ್ಧಕ್ಕಿಂತ ಕಡಿಮೆಯೆಂದು ನಮಗೆ ಅನಿಸುತ್ತದೆ, ನೆಲಕ್ಕಿಳಿಯುವ ಪ್ರಶ್ನೆಯೇ ಇಲ್ಲ. ಹಿಂದಿಟ್ಟ ಕಾಲನ್ನು ಕೈಗಳ ನಡುವೆ ತರುವ ಘಟ್ಟದಲ್ಲಿ ಹೊಟ್ಟೆ ಅಡ್ಡ ಬರುವುದು ಎಲ್ಲ ದೊಡ್ಡ ಮೈಯವರ ಅನುಭವ. ಕಾಲನ್ನು ಹೊರಬದಿಯಿಂದ ಸುತ್ತಿಸಿ ತಂದರೆ ಅದು ಸಾಗುತ್ತದೆ.

ವಜ್ರಾಸನಕ್ಕೆ ತೊಡೆಗೂ ಮೀನಖಂಡಕ್ಕೂ ನಡುವೆ ಮಡಿಸಿದ ಕಂಬಳಿ, ಕಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್. ಆಗಲೂ ನೋವಿದ್ದರೆ ಕುರ್ಚಿಯ ಮೇಲೆಯೇ ಕುಳಿತು, ಶಶಾಂಕಾಸನದ ಬದಲು ಮೊಣಕಾಲು ಅಗಲಿಸಿ ಮುಂದಿನ ಕುರ್ಚಿಯ ಮೇಲೆ ಹಣೆಯಿಡಬಹುದು. ಬೋರಲು ಮಲಗುವಾಗ ಹೊಟ್ಟೆಯ ಒತ್ತಡದಿಂದ ಉಸಿರು ಕಟ್ಟುವವರು ಭುಜಂಗಾಸನವನ್ನು ಗೋಡೆಗೆ ಅಂಗೈಯೂರಿ ನಿಂತೇ ಮಾಡಬಹುದು. ಪವನಮುಕ್ತಾಸನದಲ್ಲಿ ಮೊಣಕಾಲನ್ನು ಎದೆಗೆ ನೇರವಾಗಿ ಎಳೆಯದೆ, ತೊಡೆಯ ಹಿಂದೆ ಪಟ್ಟಿ ಅಥವಾ ಹಳೆಯ ಪಂಚೆಯನ್ನು ಹಾಕಿ ಕಂಕುಳ ಕಡೆಗೆ ಎಳೆದರೆ ಹೊಟ್ಟೆಯ ಬದಿಯಿಂದ ದಾರಿ ಸಿಗುತ್ತದೆ. ಸರ್ವಾಂಗಾಸನ, ಹಲಾಸನಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾದುದು: ದೊಡ್ಡ ಮೈಯವರಿಗೆ ಸಾಮೂಹಿಕ ತರಗತಿಯಲ್ಲಿ ಅವುಗಳನ್ನು ಹೇಳಿಕೊಡಲೇಬಾರದು. ಇಡೀ ಮೈಯ ಭಾರ ಕತ್ತಿನ ಮೇಲೆ, ಎದೆಯ ಭಾರ ಗಂಟಲ ಮೇಲೆ ಬೀಳುತ್ತದೆ. ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಅಂಗಾತ ಮಲಗಿದರೆ ಸಾಕಷ್ಟು ವಿಶ್ರಾಂತಿ ದೊರೆಯುತ್ತದೆ. ಶವಾಸನದಲ್ಲಿಯೂ ಕೆಲವರಿಗೆ ಅಂಗಾತ ಮಲಗಿದರೆ ಉಸಿರು ಸಾಗದು, ವಿಶೇಷವಾಗಿ ನಿದ್ರೆಯಲ್ಲಿ ಉಸಿರು ನಿಂತುಹೋಗುವ ತೊಂದರೆಯಿರುವವರಿಗೆ. ಅವರು ಎಡಮಗ್ಗುಲಿಗೆ ಮಲಗಲಿ, ಇಲ್ಲವೇ ಬೆನ್ನಿಗೆ ಎರಡು ಲೋಡು ಕೊಟ್ಟು ಒರಗಲಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಕಪಾಲಭಾತಿ ಬೇಡವೆಂಬುದನ್ನು ಶಿಷ್ಟಾಚಾರವೇ ಹೇಳಿದೆ. ಆದರೂ ಧ್ವನಿವರ್ಧಕದಲ್ಲಿ ಎಣಿಕೆ ಶುರುವಾದ ಮೇಲೆ ಅದನ್ನು ನೆನಪಿಸುವವರಾರು?

ಎಲ್ಲಕ್ಕಿಂತ ಮುಖ್ಯವಾಗಿ, ನೆಲದಿಂದ ಏಳುವುದನ್ನೇ ಒಂದು ಪಾಠವಾಗಿ ಕಲಿಸಬೇಕು. ಮಗ್ಗುಲಿಗೆ ಹೊರಳಿ, ಕೈಯೂರಿ, ಮೊಣಕಾಲ ಮೇಲೆ ಬಂದು, ಕುರ್ಚಿ ಹಿಡಿದು ಒಂದು ಪಾದ ಮುಂದಿಟ್ಟು ಮೇಲೇಳುವುದು. ಇದಕ್ಕೆ ಸಂಸ್ಕೃತದಲ್ಲಿ ಹೆಸರಿಲ್ಲದಿರಬಹುದು. ಆದರೆ ಇದನ್ನು ತರಗತಿಯ ಎಲ್ಲರೂ, ತೆಳ್ಳನೆಯವರೂ ಸೇರಿ, ನಿಧಾನವಾಗಿ ಮಾಡಿದರೆ ಯಾರೂ ಯಾರಿಗಾಗಿಯೂ ಕಾಯಬೇಕಾಗುವುದಿಲ್ಲ.

ಸಾಧನಗಳಿಗೆ ಹಣವೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮರಾಠವಾಡದ ಮನೆಗಳಲ್ಲಿ ಸತರಂಜಿ, ಗೊಂಗಡಿಗಳಿಗೆ ಬರವೇ? ಕಲಬುರ್ಗಿ, ಬೀದರ ಕಡೆಯಿಂದ ಹಿಂದೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿಯೂ ಜಮಖಾನಗಳ ರಾಶಿಯೇ ಇರುತ್ತದೆ; 1956ರವರೆಗೆ ಅವರ ಊರುಗಳೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು ಎಂಬುದು ಇಲ್ಲಿ ನೆನಪಾಗುತ್ತದೆ. ಕುರ್ಚಿಯೊಂದೇ ತೊಡಕಿನದು. ಮಂಡಪದವರು ಕೊಡುವ ಪ್ಲಾಸ್ಟಿಕ್ ಕುರ್ಚಿಗೆ ಕೈಗಳಿರುತ್ತವೆ, ಭಾರಕ್ಕೆ ಕಾಲುಗಳು ಅಗಲುತ್ತವೆ. ದೊಡ್ಡ ಮೈಯವರಿಗೆ ಅದು ಅಪಾಯಕರ. ಕೈಯಿಲ್ಲದ ಕಬ್ಬಿಣದ ಮಡಚು ಕುರ್ಚಿಯೇ ಬೇಕು. ಅಂಗಡಿಯ ಯೋಗದ ಚಾಪೆಯ ಅಗಲವೂ ಎರಡೇ ಅಡಿ. ನಮ್ಮಂತಹವರು ಅದರ ಮೇಲೆ ಮಲಗಿದರೆ ಎರಡೂ ಕೈಗಳು ಪರರಾಜ್ಯದಲ್ಲಿರುತ್ತವೆ.

ಮಾತಿನ ವಿಷಯವನ್ನೂ ಹೇಳಬೇಕು. 'ಡುಮ್ಮ' ಎಂಬ ಪದವನ್ನಾಗಲಿ ಮರಾಠಿಯ 'ಜಾಡ' ಎಂಬುದನ್ನಾಗಲಿ ಶಿಕ್ಷಕರು ಪ್ರೀತಿಯಿಂದಲೇ ಬಳಸಿದರೂ, ಎಪ್ಪತ್ತು ಜನರ ಎದುರು ಕೇಳಿಸಿಕೊಂಡವರು ಅದನ್ನು ಪ್ರೀತಿಯೆಂದು ಮನೆಗೆ ಒಯ್ಯುವುದಿಲ್ಲ. ಮುಟ್ಟಿ ತಿದ್ದುವ ಮೊದಲು ಕೇಳುವುದು ಒಳ್ಳೆಯದು. ನಮ್ಮ ಮೊಣಕಾಲಿನ ಸಾಕ್ಷ್ಯವನ್ನು ಮೇಲೆಯೇ ಸಲ್ಲಿಸಿದ್ದೇವೆ.

ಹೊರದೇಶಗಳಲ್ಲಿ ಈ ಚರ್ಚೆ ಸಾಕಷ್ಟು ಮುಂದುವರಿದಿದೆ. ಅಮೆರಿಕದ ಜೆಸಮಿನ್ ಸ್ಟಾನ್ಲಿ ಎಂಬ ದೊಡ್ಡ ಮೈಯ ಶಿಕ್ಷಕಿ 2017ರಲ್ಲಿ 'ಎವ್ರಿ ಬಾಡಿ ಯೋಗ' ಎಂಬ ಪುಸ್ತಕವನ್ನು ಬರೆದು, ತನ್ನದೇ ದೇಹದ ಚಿತ್ರಗಳಿಂದ ಆಸನಗಳನ್ನು ವಿವರಿಸಿದರು. ನಮ್ಮ ಪುಸ್ತಕಗಳ ಚಿತ್ರಗಳಲ್ಲಿ ಅಂತಹ ದೇಹಗಳಿಲ್ಲ. ಆದರೆ ಶಿಲ್ಪಗಳಲ್ಲಿ ಇವೆ. ನಾಸಿಕದ ತ್ರಿರಶ್ಮಿ ಗುಹೆಗಳಲ್ಲಿ, ಜನ ಪಾಂಡವಲೇಣಿ ಎನ್ನುವಲ್ಲಿ, ಮೂರನೆಯ ಗುಹೆಯ ಮುಂದೆ ಇಡೀ ಪಡಸಾಲೆಯ ಭಾರವನ್ನು ಹೆಗಲ ಮೇಲೆ ಹೊತ್ತಿರುವವರು ದಪ್ಪ ಮೈಯ ಯಕ್ಷರು. ಅಜಂತಾದ ಎರಡನೆಯ ಗುಹೆಯಲ್ಲಿ ಹಾರೀತಿಯ ಪಕ್ಕದಲ್ಲಿ ಕುಳಿತ ಘನಕಾಯದ ಪಾಂಚಿಕನ ಸ್ಥಿರತೆ ಮತ್ತು ಸುಖಗಳನ್ನು ನೋಡಿದರೆ, ಪತಂಜಲಿ ಕೇಳಿದ ಎರಡೂ ಅಲ್ಲಿವೆ ಎನಿಸದಿರದು. ಕಲೆಯ ಪಂಡಿತರು ನಮ್ಮನ್ನು ಕ್ಷಮಿಸಲಿ.

ಕೆಲವು ಉಪಾಯಗಳನ್ನು ಒಬ್ಬ ಶಿಕ್ಷಕಿ ಬಲ್ಲರೆಂದರೆ ಸಾಲದು. ಶಿಕ್ಷಕರ ಪಠ್ಯದಲ್ಲಿಯೇ ಇವು ಸೇರಬೇಕೆಂಬುದು ನಮ್ಮ ಮುಖ್ಯ ವಾದ. ಅದಕ್ಕೆ ನಾಸಿಕಕ್ಕಿಂತ ಯೋಗ್ಯವಾದ ಊರು ಮಹಾರಾಷ್ಟ್ರದಲ್ಲಿ ಕಡಿಮೆ. ವಿಶ್ವಾಸ್ ಮಂಡಲಿಕ್ ಅವರು 1978ರಲ್ಲಿ ಸ್ಥಾಪಿಸಿದ ಯೋಗ ವಿದ್ಯಾಧಾಮ ಅಲ್ಲಿಯದು. ಅವರಿಗೆ 2018ರಲ್ಲಿ ಪ್ರಧಾನಮಂತ್ರಿಗಳ ಯೋಗ ಪ್ರಶಸ್ತಿ ಸಂದಿದೆ. ಯೋಗ ಶಿಕ್ಷಕರ ಪದವಿಕೆಯನ್ನು ನಡೆಸಿಕೊಂಡು ಬಂದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯವೂ ಅಲ್ಲಿದೆ, ರಾಜ್ಯದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅಲ್ಲಿಯೇ ಇದೆ. ಇಲ್ಲಿ ಒಂದು ಅಧ್ಯಾಯ ಸೇರಿದರೆ ಅದು ತಾಲ್ಲೂಕು ತಾಲ್ಲೂಕಿನ ಶಿಕ್ಷಕರಿಗೆ ತಲುಪುತ್ತದೆ. ಪರೀಕ್ಷೆಯ ದಿನ, ಒಬ್ಬ ತೆಳ್ಳನೆಯ ಸಹಪಾಠಿಯ ಮೇಲೆ ಪಾಠ ಮಾಡಿ ತೋರಿಸುವ ಬದಲು, ದೊಡ್ಡ ಮೈಯವರೊಬ್ಬರಿಗೆ 45 ನಿಮಿಷಗಳ ಪೂರ್ಣ ಕ್ರಮವನ್ನು ಅವರು ಸುಮ್ಮನೆ ಕೂರದಂತೆ ಮಾಡಿಸಿ ತೋರಿಸಬೇಕೆಂಬ ನಿಯಮವಿದ್ದರೆ, ಉಳಿದ ಉಪಾಯಗಳನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳುತ್ತಾರೆ. ಶಿಷ್ಟಾಚಾರದ ಪುಸ್ತಕದಲ್ಲಿಯೂ ಪ್ರತಿ ಆಸನದ ಎಚ್ಚರಿಕೆಯ ಪಕ್ಕದಲ್ಲಿ ಬದಲಿಯ ಚಿತ್ರವೊಂದು ಬರಬೇಕು. ಆ ಶಿಷ್ಟಾಚಾರವನ್ನು ರೂಪಿಸಿದ ತಜ್ಞರ ಸಮಿತಿಯ ನೇತೃತ್ವ ಬೆಂಗಳೂರಿನ ಡಾ. ಎಚ್.ಆರ್. ನಾಗೇಂದ್ರ ಅವರದಾಗಿತ್ತು, ಕನ್ನಡ ಸಂಘಗಳು ಈ ಬಗ್ಗೆ ಒಂದು ಮನವಿ ಬರೆದರೆ ಅದು ಅಪರಿಚಿತರಿಗೆ ಬರೆದಂತಾಗುವುದಿಲ್ಲ.

ಇಷ್ಟೆಲ್ಲ ಸೌಕರ್ಯ ಮಾಡಿಕೊಟ್ಟರೆ ಬೊಜ್ಜನ್ನು ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ಅವರು ವೈದ್ಯರು, ಅವರ ಆತಂಕಕ್ಕೆ ಅರ್ಥವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸಂಕಟವನ್ನು ದಿನವೂ ನೋಡುವವರು. ನಾವು ಅವರಿಗೆ ಮರುಪ್ರಶ್ನೆ ಹಾಕಿದೆವು: ಈಗಿನ ಕ್ರಮದಿಂದ ಮೂರನೆಯ ದಿನ ಮನೆಗೆ ಹೋದವರ ಸಕ್ಕರೆ ಎಷ್ಟು ಇಳಿಯಿತು? ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆವು.

ಮುಂದಿನ ಜೂನ್‌ಗೆ ನಮ್ಮ ಬಡಾವಣೆಯ ತರಗತಿಯಲ್ಲಿ ಒಂದು ಸಾಲನ್ನು ಕುರ್ಚಿಗಳಿಗೆಂದು ಬಿಡುವುದಾಗಿ ಶಿಕ್ಷಕಿ ಒಪ್ಪಿದ್ದಾರೆ. ಹಿಂದಿನ ಸಾಲಲ್ಲ, ನಡುವಿನದು. ನಮ್ಮ ಶಾಖೆಯ ದಾಖಲೆ ಕೋಣೆಯಲ್ಲಿ ಹಳೆಯ ಕಾಲದ ಹದಿನಾಲ್ಕು ಕಬ್ಬಿಣದ ಮಡಚು ಕುರ್ಚಿಗಳು ವಿಲೇವಾರಿಗೆಂದು ಬಿದ್ದಿದ್ದವು. ನಿಯಮದಂತೆ ಬೆಲೆ ಕಟ್ಟಿಸಿ, ಹಣ ತುಂಬಿ, ರಸೀದಿ ಪಡೆದು ತಂದೆವು. ಒಂಬತ್ತು ಗಟ್ಟಿಯಾಗಿವೆ, ಐದಕ್ಕೆ ಬೆಸುಗೆ ಹಾಕಿಸಬೇಕು. ಕಳೆದ ಭಾನುವಾರ ವೈನಿಯವರು ಬಂದು ಒಂದೊಂದರ ಮೇಲೂ ಕುಳಿತು ನೋಡಿ, ಅಲುಗಾಡಿಸಿ, ಆರನೆಯದಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು. "ಇದು ನಂದರಿ ರಾಯರ. ಮತ್ತ ಯಾರಿಗೂ ಕೊಡಬ್ಯಾಡ್ರಿ" ಎಂದರು.